ಮೂಲೆಯ ಮೂರಡಿ

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗಾದ ಎನ್‌ಬಿಎಯ ಅಂಕಣದ ನಾಲ್ಕು ಮೂಲೆಗಳಲ್ಲೂ ಒಂದೊಂದು ಕಿರಿದಾದ ಪಟ್ಟಿಯಿದೆ. ಅಗಲ 3 ಅಡಿ, ಉದ್ದ ಸುಮಾರು 14 ಅಡಿ. ಒಂದು ಪಕ್ಕಕ್ಕೆ ಅಂಕಣದ ಅಂಚುಗೆರೆ, ಇನ್ನೊಂದು ಪಕ್ಕಕ್ಕೆ ಮೂರು ಅಂಕದ ಗೆರೆ. ಚೆಂಡು ಹಿಡಿದು ಅಂಚುಗೆರೆ ಮೆಟ್ಟಿದರೆ ಚೆಂಡು ಎದುರಾಳಿಯ ಪಾಲು. ಒಳಗಿನ ಗೆರೆ ಮೆಟ್ಟಿ ಎಸೆದರೆ ಮೂರು ಅಂಕ ಎರಡಕ್ಕಿಳಿಯುತ್ತದೆ. ಆರೂವರೆ ಅಡಿ ಎತ್ತರದ ಆಳೊಬ್ಬ, ಒಂದಡಿಗೂ ಮಿಕ್ಕಿದ ಬೂಟು ತೊಟ್ಟು, ಈ ಎರಡು ಗೆರೆಗಳ ನಡುವೆ ನಿಂತಿರುತ್ತಾನೆ. ತಂಡದ ಉಳಿದ ನಾಲ್ವರು ಓಡುತ್ತಾರೆ, ಗುದ್ದಾಡುತ್ತಾರೆ, ಕೂಗುತ್ತಾರೆ. ಇವನು ಕಾಯುತ್ತಾನೆ.

ಚೆಂಡಿನ ಬೆನ್ನು ಹತ್ತಿದ ಕಣ್ಣಿಗೆ ಇವನು ಕಾಣಿಸುವುದೇ ಇಲ್ಲ. ಹಕ್ಕಿ ನೋಡುವ ಹವ್ಯಾಸದ ನನಗೆ ಬ್ಯಾಸ್ಕೆಟ್‌ಬಾಲ್ ನೋಡುವುದನ್ನು ಕಲಿಸಿದವಳು ತಮ್ಮನ ಮಗಳು. ಇಲ್ಲೇ ಕ್ಯಾಲಿಫೋರ್ನಿಯದ ಹೈಸ್ಕೂಲು ತಂಡದಲ್ಲಿ ಆಡುತ್ತಾಳೆ. “ದೊಡ್ಡಪ್ಪ, ಚೆಂಡು ನೋಡ್ಬೇಡಿ. ಚೆಂಡು ಇಲ್ಲದೋರ್ನ ನೋಡಿ” ಅಂದಳು. ಸ್ಯಾನ್ ಫ್ರಾನ್ಸಿಸ್ಕೊದ ಚೇಸ್ ಸೆಂಟರ್‌ನ ಮೇಲಿನ ಅಂತಸ್ತಿನಲ್ಲಿ ಕೂತು, ಇಡೀ ಒಂದು ಕ್ವಾರ್ಟರ್ ಒಬ್ಬನೇ ಆಟಗಾರನ ಮೇಲೆ ದುರ್ಬೀನು ನೆಟ್ಟು ನೋಡುವ ಅಭ್ಯಾಸ ಹಾಗೆ ಬಂತು. ಮೇಲಿನಿಂದ ಗೆರೆಗಳು ಸ್ಪಷ್ಟವಾಗಿ ಕಾಣುತ್ತವೆ. ಟಿವಿಯ ಕ್ಯಾಮೆರಾ ಚೆಂಡಿನ ಹಿಂದೆಯೇ ಓಡುವುದರಿಂದ ಮೂಲೆಯವನು ಅಲ್ಲಿ ಅರ್ಧ ಹೊತ್ತು ಚೌಕಟ್ಟಿನ ಹೊರಗೇ ಉಳಿಯುತ್ತಾನೆ.

ಅವನ ನಡವಳಿಕೆ ಹೀಗಿರುತ್ತದೆ. ಮೊಣಕಾಲು ಮಡಚಿ, ಅಂಗೈ ಎದೆಯ ಮಟ್ಟಕ್ಕೆ ತಂದು, ಕಾಲಿನ ಬೆರಳುಗಳನ್ನು ರಿಂಗಿನ ಕಡೆಗೇ ತಿರುಗಿಸಿಟ್ಟಿರುತ್ತಾನೆ. ಚೆಂಡು ಬಂದಮೇಲೆ ಕಾಲು ಹೊಂದಿಸಲು ಸಮಯವಿಲ್ಲವಲ್ಲ. ಹೊಸಬರು ಗೆರೆ ಎಲ್ಲಿದೆಯೆಂದು ಆಗಾಗ ಕೆಳಗೆ ನೋಡಿಕೊಳ್ಳುತ್ತಾರೆ, ಪಳಗಿದವರು ನೋಡುವುದಿಲ್ಲ. ತನ್ನ ಕಡೆಯವನು ಚೆಂಡು ತಟ್ಟುತ್ತ ಬುಟ್ಟಿಯತ್ತ ನುಗ್ಗಿದ ಕೂಡಲೇ ಮೂಲೆಯವನು ಗೆರೆಯುದ್ದಕ್ಕೂ ಒಂದೆರಡು ಹೆಜ್ಜೆ ಮೇಲಕ್ಕೋ ಕೆಳಕ್ಕೋ ಜರುಗುತ್ತಾನೆ. ನುಗ್ಗಿದವನಿಗೆ ಎದುರಾಳಿಯ ಕೈ ಅಡ್ಡಬರದ ದಾರಿ ಮಾಡಿಕೊಡುವ ಜರುಗುವಿಕೆ ಅದು. ಚೆಂಡು ಬರದಿದ್ದರೆ ಮತ್ತೆ ಸ್ವಸ್ಥಾನಕ್ಕೆ. ಎಷ್ಟೋ ಸಲ ಆಟವಿಡೀ ನಾಲ್ಕೈದು ಎಸೆತಗಳಷ್ಟೇ ಅವನ ಪಾಲಿಗೆ ಬರುವುದು.

ಅವನನ್ನು ಕಾಯುವ ಡಿಫೆಂಡರನ ಪಾಡು ಇನ್ನೂ ಕುತೂಹಲದ್ದು. ಅವನ ಒಂದು ಕಣ್ಣು ಮೂಲೆಯ ಮೇಲೆ, ಇನ್ನೊಂದು ನುಗ್ಗಿಬರುವವನ ಮೇಲೆ. ಬುಟ್ಟಿಯ ಮುಂದಿನ ಬಣ್ಣ ಬಳಿದ ಆಯತಕ್ಕೆ ಆಟಗಾರರು ಪೇಂಟ್ ಅನ್ನುತ್ತಾರೆ. ಯಾರನ್ನೂ ಕೈಯಳತೆಯಲ್ಲಿ ಕಾಯದೆ ಅದರೊಳಗೆ 3 ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲ. ಹಾಗಾಗಿ ಅವನು ಮನಸ್ಸಿನಲ್ಲೇ ಎಣಿಸುತ್ತ ಒಂದು ಕಾಲು ಹೊರಗಿಟ್ಟು ಮತ್ತೆ ಒಳಗೆ ಬರುತ್ತಾನೆ, ಮತ್ತೆ ಹೊರಗೆ, ಮತ್ತೆ ಒಳಗೆ. ಚೆಂಡು ಮೂಲೆಗೆ ಹಾರಿದ ಕ್ಷಣ ಕೈ ಮೇಲೆತ್ತಿ ಅತ್ತ ಓಡಬೇಕು. ಸುಮಾರು 20 ಅಡಿಯ ಓಟ. ಚೆಂಡಿನ ಹಾರಾಟ ಅವನ ಓಟಕ್ಕಿಂತ ಬೇಗ ಮುಗಿಯುತ್ತದೆ.

ವೃತ್ತಿಪರ ಬ್ಯಾಸ್ಕೆಟ್‌ಬಾಲ್‌ನ ನಿಯಮ ಬದಲಿಸಬೇಕೆಂಬ ಮಾತು ಈಗ ಜೋರಾಗಿದೆ. ಗೆರೆ ಹಿಂದಕ್ಕೆ ಸರಿಸಿ, ಅಂಕಣ ಅಗಲಿಸಿ, ಮೂಲೆಯ ಮೂರು ಅಂಕವನ್ನೇ ತೆಗೆಯಿರಿ, ಆಟದ ಅವಧಿ ತಗ್ಗಿಸಿ, ಕೊನೆಯ ನಿಮಿಷಗಳ ಗಡಿಯಾರ ನಿಲ್ಲಿಸಿ ಎಂದೆಲ್ಲ ಸಲಹೆಗಳು ಬರುತ್ತಿವೆ. ಇವುಗಳಲ್ಲಿ ಅರ್ಧಕ್ಕರ್ಧ ಕೊನೆಗೆ ಈ 3 ಅಡಿಯ ಪಟ್ಟಿಗೇ ಬಂದು ಮುಟ್ಟುತ್ತವೆ. ಆದ್ದರಿಂದಲೇ ಅಲ್ಲಿ ಇಷ್ಟು ಹೊತ್ತು ನಿಂತೆ.

ಪಟ್ಟಿ ಹುಟ್ಟಿದ್ದು ಲೆಕ್ಕದ ಇಕ್ಕಟ್ಟಿನಿಂದ. ಅಂಕಣದ ಅಗಲ 50 ಅಡಿ. ಬುಟ್ಟಿ ಅದರ ನಡುಮಧ್ಯ ಇರುವುದರಿಂದ ಅಂಚುಗೆರೆಗೆ 25 ಅಡಿ. ಮೂರು ಅಂಕದ ಗೆರೆ ಬುಟ್ಟಿಯಿಂದ 23 ಅಡಿ 9 ಅಂಗುಲ ದೂರದ ಕಮಾನು. ಅದನ್ನು ಹಾಗೇ ಸುತ್ತಿಸಿದರೆ ಮೂಲೆಯಲ್ಲಿ ಉಳಿಯುವ ಜಾಗ 15 ಅಂಗುಲ. ಅಷ್ಟರಲ್ಲಿ ಬೂಟೇನೋ ಹಿಡಿಸುತ್ತದೆ, ಅದನ್ನು ತೊಟ್ಟವನು ಹಿಡಿಸುವುದಿಲ್ಲ. ಅದಕ್ಕೇ ಮೂಲೆಯಲ್ಲಿ ಕಮಾನನ್ನು ಕತ್ತರಿಸಿ, 22 ಅಡಿ ದೂರಕ್ಕೆ ನೇರ ಗೆರೆ ಎಳೆದರು. ಹೀಗೆ ಅಂಕಣದಲ್ಲಿ ಒಂದೇ ಒಂದು ಕಡೆ ಮೂರು ಅಂಕ 21 ಅಂಗುಲ ಅಗ್ಗವಾಯಿತು.

ಅಗ್ಗವಾದದ್ದು ಯಾರಿಗೂ ಬಹಳ ವರ್ಷ ಹೊಳೆಯಲಿಲ್ಲ. ಮೂರು ಅಂಕದ ಗೆರೆಯನ್ನು 1961ರಲ್ಲಿ ಏಬ್ ಸೇಪರ್‌ಸ್ಟೀನ್‌ರ ಲೀಗ್ ಬಳಸಿತ್ತು. 1967ರಲ್ಲಿ ಎಬಿಎ ಎಂಬ ಇನ್ನೊಂದು ಲೀಗ್ ಅದನ್ನು ಎತ್ತಿಕೊಂಡಿತು. ಎನ್‌ಬಿಎಗೆ ಬಂದದ್ದು 1979-80ರಲ್ಲಿ. ಆ ಮೊದಲ ಸೀಸನ್‌ನಲ್ಲಿ ಒಂದು ತಂಡ ಪಂದ್ಯವೊಂದರಲ್ಲಿ ಸರಾಸರಿ ಎಸೆದ ಮೂರಂಕದ ಎಸೆತಗಳು 2.8. ಎದುರಿಗೇ ಹೊಸ ಮೇವುಗಾವಲು ತೆರೆದಿದ್ದರೂ ಅತ್ತ ಯಾರೂ ಹೆಜ್ಜೆಯಿಡದ ಕಾಲ ಅದು. 2012-13ಕ್ಕೆ ಸರಾಸರಿ 20 ಆಯಿತು. 2018-19ಕ್ಕೆ 32. 2024-25ಕ್ಕೆ 37.6. ಅದೇ ವರ್ಷ ಬಾಸ್ಟನ್ ಸೆಲ್ಟಿಕ್ಸ್ ಪ್ರತಿ ಪಂದ್ಯಕ್ಕೆ 48ರಂತೆ ಎಸೆಯಿತು. ಮೂರು ದಶಕ ನಿಧಾನವಾಗಿ ತೆವಳಿದ್ದು ಆಮೇಲಿನ ಹನ್ನೆರಡು ವರ್ಷಗಳಲ್ಲಿ ಹೆಚ್ಚುಕಡಿಮೆ ಇಮ್ಮಡಿಯಾಯಿತು.

ಲೆಕ್ಕ ಕಷ್ಟದ್ದೇನಲ್ಲ. ಮೂಲೆಯಿಂದ ಎಸೆದ ನೂರರಲ್ಲಿ ಸುಮಾರು 38 ಬೀಳುತ್ತವೆ, ಅಂದರೆ 114 ಅಂಕ. ಕಮಾನಿನ ಉಳಿದ ಭಾಗದಿಂದ 35ರ ಆಸುಪಾಸು, 105 ಅಂಕ. ಗೆರೆಯ ಒಳಗೆ ಒಂದೇ ಹೆಜ್ಜೆ ಇಟ್ಟು ಎಸೆದರೆ ನೂರಕ್ಕೆ 41 ಬಿದ್ದರೂ 82 ಅಂಕವೇ. ಹಾಗಾಗಿ ಗೆರೆಯ ಒಳಮೈಗೆ ತಾಗಿಕೊಂಡ ವಿಶಾಲ ನೆಲ ಇಂದು ಬಹುಪಾಲು ಪಾಳು. ನಾನು ನೋಡುವ ಎಷ್ಟೋ ಪಂದ್ಯಗಳಲ್ಲಿ ಅಲ್ಲಿ ಆಟಗಾರರು ಹಾದುಹೋಗುತ್ತಾರೆಯೇ ಹೊರತು ನಿಲ್ಲುವುದಿಲ್ಲ.

ಆದರೆ ಗೆರೆ 1979ರಲ್ಲೂ ಇದೇ ಜಾಗದಲ್ಲಿತ್ತಲ್ಲ, ಮತ್ತೆ ಇಷ್ಟು ತಡವೇಕೆ? ನನಗೆ ತೋರುವ ಉತ್ತರ 2001ರ ಇನ್ನೊಂದು ನಿಯಮದಲ್ಲಿದೆ. ಅಲ್ಲಿಯವರೆಗೆ ಎನ್‌ಬಿಎಯಲ್ಲಿ ಪ್ರತಿ ಡಿಫೆಂಡರ್ ತನ್ನ ಪಾಲಿನ ಆಟಗಾರನಿಗೆ ಅಂಟಿಕೊಂಡೇ ಇರಬೇಕಿತ್ತು, ಜಾಗ ಕಾಯುವ ಜೋನ್ ಆಟಕ್ಕೆ ನಿಷೇಧವಿತ್ತು. 2001-02ರಿಂದ ಆ ನಿಷೇಧ ಹೋಯಿತು, ಬದಲಿಗೆ ಪೇಂಟ್‌ನ 3 ಸೆಕೆಂಡ್ ಮಿತಿ ಬಂತು. ಒಬ್ಬನೇ ತಾರೆ ಚೆಂಡು ಹಿಡಿದು ಉಳಿದವರನ್ನು ದೂರ ಕಳಿಸಿ ಆಡುವ ಬೇಸರದ ಆಟ ಮುರಿಯಬೇಕೆಂಬುದು ಉದ್ದೇಶ. ಡಿಫೆಂಡರುಗಳಿಗೆ ಸ್ವಾತಂತ್ರ್ಯ ಸಿಕ್ಕಿದ್ದೇ ತಡ, ಚೆಂಡಿರುವ ಕಡೆಗೆ ಅವರೆಲ್ಲ ವಾಲತೊಡಗಿದರು. 2007-08ರ ಬಾಸ್ಟನ್ ತಂಡದಲ್ಲಿ ಸಹಾಯಕ ಕೋಚ್ ಟಾಮ್ ತಿಬಡೊ ಕಟ್ಟಿದ ರಕ್ಷಣೆ ಇದರ ಪಕ್ವ ರೂಪ. ಹೀಗೆ ವಾಲಿದವರನ್ನು ಹಿಂದಕ್ಕೆಳೆಯಲು ಒಂದೇ ಉಪಾಯ ಉಳಿಯಿತು: ಅವರು ಬಿಟ್ಟುಬಂದ ದೂರದ ಮೂಲೆಯಲ್ಲಿ ಗುರಿಕಾರನೊಬ್ಬನನ್ನು ನಿಲ್ಲಿಸುವುದು. ಮೂಲೆಗೆ ಜನ ಬಂದದ್ದು ಮೂಲೆಯ ನಿಯಮ ಬದಲಾಗಿ ಅಲ್ಲ. ನಡುವಿನ ನಿಯಮ ಬದಲಾಗಿ.

ಅಲ್ಲಿ ಬೀಡುಬಿಟ್ಟ ಮೊದಲಿಗರಲ್ಲಿ ಸ್ಯಾನ್ ಆಂಟೋನಿಯೊ ತಂಡದ ಬ್ರೂಸ್ ಬೋವೆನ್ ಒಬ್ಬರು. 2002-03ರಲ್ಲಿ ಮೂರಂಕದ ಎಸೆತಗಳಲ್ಲಿ ನೂರಕ್ಕೆ 44ರ ಯಶಸ್ಸಿನೊಂದಿಗೆ ಲೀಗಿಗೇ ಮೊದಲಿಗರಾದರು. ಅದೇ ವರ್ಷ, ಯಾರೂ ಅಡ್ಡಬರದ, 15 ಅಡಿ ದೂರದ ಫ್ರೀ ಥ್ರೋಗಳಲ್ಲಿ ಅವರ ಯಶಸ್ಸು ನೂರಕ್ಕೆ 40. ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನಾನು ಎಷ್ಟೋ ಹೊತ್ತು ಯೋಚಿಸಿದ್ದೇನೆ. ಅವರ ಕೈ, ಕಾಲು, ಕಣ್ಣು ಒಂದೇ ಜಾಗಕ್ಕೆ ಒಗ್ಗಿಹೋಗಿದ್ದವು. ಅಲ್ಲಿಂದ 7 ಅಡಿ ಹತ್ತಿರ ತಂದು ನಿಲ್ಲಿಸಿದರೆ ಕೈ ತಪ್ಪುತ್ತಿತ್ತು.

ಮೂಲೆಗಲ್ಲದಿದ್ದರೂ ಗೆರೆಯಾಚೆಯ ಆಟಕ್ಕೆ ಒಗ್ಗಿಕೊಂಡ ಇನ್ನೊಬ್ಬರು ಬ್ರೂಕ್ ಲೋಪೆಜ್. ಏಳಡಿ ಎತ್ತರ, ಬುಟ್ಟಿಗೆ ಬೆನ್ನು ಹಾಕಿ ಆಡುವ ಹಳೆಯ ಪಂಗಡದವರು. ಮೊದಲ ಎಂಟು ಸೀಸನ್‌ಗಳಲ್ಲಿ ಅವರು ಎಸೆದ ಮೂರಂಕದ ಎಸೆತಗಳು 31, ಬಿದ್ದದ್ದು 3. ಒಂಬತ್ತನೇ ಸೀಸನ್ 2016-17ರಲ್ಲಿ ಒಮ್ಮೆಲೇ 134 ಬಿದ್ದವು. ಮುಂದೆ ಮಿಲ್ವಾಕಿಯಲ್ಲಿ ಅವರು ಗೆರೆಯಿಂದ ಎಷ್ಟೋ ಹಿಂದೆ ನಿಂತು ತಮ್ಮ ಡಿಫೆಂಡರನನ್ನು ಬುಟ್ಟಿಯಿಂದ ದೂರ ಸೆಳೆದುಕೊಳ್ಳುತ್ತಿದ್ದರು, ತೆರವಾದ ದಾರಿಯಲ್ಲಿ ಯಾನ್ನಿಸ್ ಆಂಟೆಟೊಕುಂಪೊ ನುಗ್ಗುತ್ತಿದ್ದರು. ಹೀಗೆ ಹೊಂದಿಕೊಂಡು ಉಳಿದವರ ಹೆಸರು ನಮಗೆ ಗೊತ್ತು. ಹೊಂದಿಕೊಳ್ಳಲಾಗದೆ ಲೀಗ್ ಬಿಟ್ಟ ದೈತ್ಯರನ್ನು ಯಾರೂ ಪಟ್ಟಿಮಾಡಿಲ್ಲ.

ಹಾಗಾಗಿ ಎಲ್ಲ ತಂಡಗಳ ಆಟವೂ ಒಂದೇ ತರಹ ಕಾಣುತ್ತದೆಂಬ ದೂರನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಬೆನ್ನು ಹಾಕಿ ಆಡುವವರು, ಹದಿನಾರು ಅಡಿಯಿಂದ ಎಸೆಯುವವರು ವಿರಳವಾಗಿರುವುದು ನಿಜ. ನಿಕೊಲಾ ಯೋಕಿಚ್, ಶೇ ಗಿಲ್ಜಸ್ ಅಲೆಕ್ಸಾಂಡರ್ ಅಂಥ ಅಸಾಧಾರಣರು ಆ ನೆಲವನ್ನು ಉಳಿಸಿಕೊಂಡಿದ್ದಾರೆ. ಸಾಧಾರಣ ಪ್ರತಿಭೆಯವರಿಗೆ ಅಲ್ಲಿ ಈಗ ಹೊಟ್ಟೆಪಾಡಿಲ್ಲ. ವೈವಿಧ್ಯ ಕುಗ್ಗುವುದನ್ನು ನೋಡುತ್ತ ಸುಮ್ಮನಿರುವುದು ನನ್ನಿಂದಾಗದು. ನನ್ನ ತಕರಾರು ಸೂಚಿತ ಮದ್ದುಗಳ ಬಗ್ಗೆ.

ಮೊದಲನೆಯದು, ಗೆರೆಯನ್ನು ಹಿಂದಕ್ಕೆ ಸರಿಸುವುದು. ಈ ಚರ್ಚೆ ಲೀಗಿನೊಳಗೂ ನಡೆದಿದೆಯೆಂದು ಕಮಿಷನರ್ ಆಡಮ್ ಸಿಲ್ವರ್ ಒಪ್ಪಿಕೊಂಡಿದ್ದಾರೆ. 26 ಅಡಿಗೆ ಸರಿಸಿದೆವು ಎನ್ನಿ. ಅಂಚುಗೆರೆ ಇರುವುದೇ 25 ಅಡಿಗೆ. ಬುಟ್ಟಿಯ ಹಿಂದಿನ ಕೊನೆಗೆರೆಯಿಂದ ಸುಮಾರು 12 ಅಡಿ ಮೇಲೆಯೇ ಕಮಾನು ಅಂಚಿಗೆ ಬಡಿದು ಮುಗಿದುಹೋಗುತ್ತದೆ, ಮೂಲೆಯ ಪಟ್ಟಿ ಇಲ್ಲವಾಗುತ್ತದೆ. ಉಳಿದ ಕಮಾನಿನಲ್ಲಿ ಬದುಕುವವರು ಯಾರು? 2019ರಲ್ಲಿ ಒಕ್ಲಹೋಮ ಸಿಟಿಯ ವಿರುದ್ಧ 37 ಅಡಿಯಿಂದ ಎಸೆದು ಸರಣಿಯನ್ನೇ ಮುಗಿಸಿದ ಡೇಮಿಯನ್ ಲಿಲ್ಲಾರ್ಡ್, ಅಥವಾ ಸ್ಟೀಫನ್ ಕರಿ. ಅವರಿಗೆ ಎರಡಡಿ ಲೆಕ್ಕಕ್ಕಿಲ್ಲ. ಮೂಲೆ ಕಾಯ್ದು ಸಂಬಳ ಗಳಿಸುವವನಿಗೆ ಅದೇ ಸರ್ವಸ್ವ. ವೈವಿಧ್ಯ ತರಲು ಹೊರಟ ನಿಯಮ ಇನ್ನೊಂದು ಪಂಗಡವನ್ನು ಅಳಿಸಿಹಾಕುತ್ತದೆ.

ಎರಡನೆಯದು, ಗೆರೆಯ ಜೊತೆಗೆ ಅಂಕಣವನ್ನೂ ಅಗಲಿಸುವುದು. ಅಂಚಿನ ಸೀಟುಗಳು ಕ್ರೀಡಾಂಗಣದಲ್ಲೇ ಅತಿ ದುಬಾರಿಯವು, ಅವನ್ನು ಕೀಳಲು ಮಾಲೀಕರು ಒಪ್ಪುವುದು ಕಷ್ಟ. ದುಡ್ಡಿನ ಮಾತು ಬಿಟ್ಟರೂ ನನಗೆ ಇನ್ನೊಂದು ಸಂಶಯ. ಮೂಲೆಯವನು ಇನ್ನಷ್ಟು ದೂರ ಹೋದಂತೆ ಅವನ ಡಿಫೆಂಡರನ ಓಟವೂ ಉದ್ದವಾಗುತ್ತದೆ, ನಡುವೆ ಇನ್ನಷ್ಟು ಬಯಲು ತೆರೆಯುತ್ತದೆ. ನುಗ್ಗುವವನಿಗೆ ಡಂಕ್ ಸುಲಭ, ತಡೆಯಲು ಬಂದರೆ ಹೊರಗೆ ಎಸೆಯುವುದು ಇನ್ನೂ ಸುಲಭ. ಈಗಿನ ಆಟವೇ ಇನ್ನಷ್ಟು ಹಿಗ್ಗುತ್ತದೆ.

ಮೂರನೆಯದು ಕರ್ಕ್ ಗೋಲ್ಡ್ಸ್‌ಬೆರಿಯವರದು. ಮೂಲತಃ ಭೂಗೋಳಶಾಸ್ತ್ರಜ್ಞರು. ಯಾವ ಆಟಗಾರ ಯಾವ ಜಾಗದಿಂದ ಎಷ್ಟು ಎಸೆದ, ಎಷ್ಟು ಬಿತ್ತು ಎಂಬುದನ್ನು ಭೂಪಟದ ಹಾಗೆ ಬರೆದು ತೋರಿಸಿದವರು. 2019ರಲ್ಲಿ ಬಂದ ‘ಸ್ಪ್ರಾಲ್‌ಬಾಲ್’ ಪುಸ್ತಕದಲ್ಲಿ ಅವರು ಮುಂದಿಟ್ಟ ಸಲಹೆಗಳಲ್ಲೊಂದು, ಬೇಸ್‌ಬಾಲ್ ಮೈದಾನಗಳ ಗಡಿ ಊರಿಂದೂರಿಗೆ ಬೇರೆಯಿರುವಂತೆ ಪ್ರತಿ ತಂಡವೂ ತನ್ನ ಮನೆಯಂಗಳದ ಮೂರಂಕದ ಗೆರೆಯನ್ನು ತಾನೇ ಎಳೆದುಕೊಳ್ಳಲಿ ಎಂಬುದು. ಎಲ್ಲ ಸಲಹೆಗಳಲ್ಲಿ ನನ್ನ ಮನಸ್ಸಿಗೆ ಹತ್ತಿರವಾದದ್ದು ಇದು. ಒಂದೇ ನಿಯಮ ಮೂವತ್ತು ಅಂಕಣಗಳನ್ನೂ ಒಂದೇ ದಿನ ಬದಲಿಸುವುದಿಲ್ಲ. ಒಂದೂರಲ್ಲಿ ದೈತ್ಯರು ಉಳಿಯಬಹುದು, ಇನ್ನೊಂದೂರಲ್ಲಿ ಗುರಿಕಾರರು. ಲೀಗ್ ಇದನ್ನು ಒಪ್ಪುವ ಸೂಚನೆಯೇನೂ ಇಲ್ಲವೆನ್ನುವುದು ಬೇರೆ ಮಾತು.

ನಾನು ಹಕ್ಕಿ ನೋಡಲು ಹೋಗುವ ಅಲ್ವಿಸೊದ ಉಪ್ಪಿನ ಕೊಳಗಳನ್ನು ಇಲ್ಲಿ ನೆನೆಯಲೇಬೇಕು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ದಕ್ಷಿಣ ಭಾಗದಲ್ಲಿ ಉಪ್ಪು ತಯಾರಿಸುತ್ತಿದ್ದ 15,100 ಎಕರೆಯನ್ನು 2003ರಲ್ಲಿ ಸರ್ಕಾರ ಕೊಂಡು ಜೌಗು ನೆಲವಾಗಿ ಮರಳಿಸುವ ಕೆಲಸಕ್ಕೆ ಕೈಹಾಕಿತು. ಕೊಳಗಳಿಗೆ ತೂಬುಗಳಿವೆ. ತೂಬಿನಿಂದ ನೀರು ನಾಲ್ಕು ಬೆರಳು ಏರಿಸಿದರೆ, ಗಿಡ್ಡಕಾಲಿನ ವೆಸ್ಟರ್ನ್ ಸ್ಯಾಂಡ್‌ಪೈಪರ್ ಎಂಬ ಉಲ್ಲಂಕಿಗಳಿಗೆ ಕಾಲೂರಲು ಜಾಗವಿಲ್ಲ. ಉದ್ದಕಾಲಿನ ಆವೊಸೆಟ್‌ಗಳು ನಿಲ್ಲುತ್ತವೆ. ಇನ್ನೂ ಏರಿದರೆ ಬಾತುಗಳ ರಾಜ್ಯ. ಉಪ್ಪಿನ ಕೊಳಗಳನ್ನೇ ನೆಚ್ಚಿದ ಹಕ್ಕಿಗಳೂ ಇರುವುದರಿಂದ ಎಲ್ಲವನ್ನೂ ಒಂದೇ ಸಲ ಕೊಲ್ಲಿಗೆ ತೆರೆಯಲಿಲ್ಲ. ಅರ್ಧ ಕೊಳಗಳನ್ನು ತೆರೆಯಬೇಕೋ, ಹತ್ತರಲ್ಲಿ ಒಂಬತ್ತು ಪಾಲನ್ನೋ ಎಂಬುದನ್ನೂ ಮೊದಲೇ ಗಟ್ಟಿ ಮಾಡಲಿಲ್ಲ. ಒಂದಷ್ಟು ತೆರೆ, ಯಾರು ಬಂದರು ಯಾರು ಹೋದರು ನೋಡು, ಆಮೇಲೆ ಮುಂದಿನ ಹಂತ ಎನ್ನುವುದು ಈ ಕೆಲಸ ನಡೆಸುವವರ ಕ್ರಮ. ಬ್ಯಾಸ್ಕೆಟ್‌ಬಾಲ್‌ನ ನಿಯಮ ಬರೆಯುವವರಿಂದ ನಾನು ಬಯಸುವುದು ಇದೇ ತಾಳ್ಮೆಯನ್ನು.

ತಾಳ್ಮೆಯಿಲ್ಲದೆ ನಡೆದದ್ದೂ ಉಂಟು. 1994ರಲ್ಲಿ ಅಂಕಗಳು ಏರಲೆಂದು ಇಡೀ ಗೆರೆಯನ್ನು 22 ಅಡಿಗೆ ಎಳೆದರು. ಮೂರು ಸೀಸನ್‌ಗಳಲ್ಲಿ ತಂಡವೊಂದರ ಮೂರಂಕದ ಎಸೆತಗಳು ಪಂದ್ಯಕ್ಕೆ 9.9ರಿಂದ 16.8ಕ್ಕೆ ಹಾರಿದವು. ತಂಡದ ಸರಾಸರಿ ಅಂಕ ಮಾತ್ರ 101.5ರಿಂದ 96.9ಕ್ಕೆ ಇಳಿಯಿತು, ಆಟದ ವೇಗವೇ ಕುಸಿದಿತ್ತು. 1997ರಲ್ಲಿ ಗೆರೆ ಹಳೆಯ ಜಾಗಕ್ಕೆ ಮರಳಿತು. ಅದಕ್ಕೂ ಬಹಳ ಮೊದಲು, 1954ರ ಮಾರ್ಚ್‌ನಲ್ಲಿ, ದೈತ್ಯರ ಪ್ರಾಬಲ್ಯ ತಗ್ಗಿಸಲು ಮಿನಿಯಾಪೊಲಿಸ್‌ನ ಒಂದು ಪಂದ್ಯದಲ್ಲಿ ಬುಟ್ಟಿಯನ್ನು 10 ಅಡಿಯಿಂದ 12 ಅಡಿಗೆ ಏರಿಸಿ ನೋಡಿದ್ದರು. ಎಸೆತಗಳು ತಪ್ಪಿದ್ದೇ ಬಂತು. ತಪ್ಪಿದ ಚೆಂಡು ಬೀಳುವುದು ಉದ್ದ ಕೈಗೇ ಅಲ್ಲವೇ? 2006ರಲ್ಲಿ ಚರ್ಮದ ಚೆಂಡಿಗೆ ಬದಲು ಕೃತಕ ನಾರಿನ ಚೆಂಡು ತಂದರು. ಬೆರಳು ಸೀಳುತ್ತದೆ, ಬೆವರು ತಾಗಿದರೆ ಜಾರುತ್ತದೆ ಎಂದು ಆಟಗಾರರು ದೂರಿದ ಮೇಲೆ 2007ರ ಜನವರಿ 1ರಂದು ಚರ್ಮವೇ ವಾಪಸು ಬಂತು. ನಿತ್ಯ ಅದನ್ನು ಹಿಡಿಯುವ ಕೈಗಳನ್ನು ಮೊದಲೇ ಕೇಳಬಹುದಿತ್ತು.

ನೋಡಿ, ಎಣಿಸಿ ಬರೆದ ನಿಯಮವೂ ಇದೆ. 1950ರ ನವೆಂಬರ್ 22ರಂದು ಫೋರ್ಟ್ ವೇನ್ ತಂಡ ಮಿನಿಯಾಪೊಲಿಸ್ ತಂಡವನ್ನು 19-18ರಿಂದ ಸೋಲಿಸಿತು. ಮಿನಿಯಾಪೊಲಿಸ್‌ನ ದೈತ್ಯ ಜಾರ್ಜ್ ಮೈಕನ್ ಕೈಗೆ ಚೆಂಡು ಸಿಗದಂತೆ ಆಟವಿಡೀ ಅದನ್ನು ಬಚ್ಚಿಟ್ಟುಕೊಂಡೇ ಆಡಿದ್ದರು. ಆಗ ಎಸೆಯಲೇಬೇಕೆಂಬ ಗಡುವಿರಲಿಲ್ಲ. ಸಿರಾಕ್ಯೂಸ್ ತಂಡದ ಮಾಲೀಕ ಡ್ಯಾನಿ ಬಿಯಾಸೋನ್ ಮತ್ತು ಅವರ ಜೊತೆಗಿದ್ದ ಲಿಯೊ ಫೆರಿಸ್ ಚೆನ್ನಾಗಿ ನಡೆದ ಪಂದ್ಯಗಳನ್ನು ಲೆಕ್ಕಕ್ಕೆ ತೆಗೆದುಕೊಂಡರು. ಅಂಥ ಪಂದ್ಯದಲ್ಲಿ ಎರಡೂ ತಂಡ ಸೇರಿ ಸುಮಾರು 120 ಎಸೆತ. ಪಂದ್ಯ 48 ನಿಮಿಷ, ಅಂದರೆ 2,880 ಸೆಕೆಂಡು. ಭಾಗಿಸಿದರೆ 24. ಆ 24 ಸೆಕೆಂಡಿನ ಗಡುವು 1954-55ರಲ್ಲಿ ಬಂದು, ಒಂದೇ ವರ್ಷದಲ್ಲಿ ತಂಡದ ಸರಾಸರಿ ಅಂಕ 79.5ರಿಂದ 93.1ಕ್ಕೇರಿತು. ಎಪ್ಪತ್ತು ವರ್ಷ ಕಳೆದರೂ ಆ ಸಂಖ್ಯೆ ಹಾಗೇ ನಿಂತಿದೆ. ಆರೋಗ್ಯವಂತ ಆಟ ಹೇಗಿರುತ್ತದೆಂದು ಮೊದಲು ನೋಡಿ, ಅದಕ್ಕೆ ತಕ್ಕ ಅಳತೆ ಮಾಡಿದ್ದರಿಂದ ಅದು ಬಾಳಿತು ಎನ್ನುವುದು ನನ್ನ ನಂಬಿಕೆ.

ಈ 48 ನಿಮಿಷವನ್ನೇ 40ಕ್ಕೆ ಇಳಿಸುವ ಮಾತನ್ನು 2025ರ ಜನವರಿಯಲ್ಲಿ ಸಿಲ್ವರ್ ಎತ್ತಿದರು. ತಮಗೆ ವೈಯಕ್ತಿಕವಾಗಿ 10 ನಿಮಿಷದ ನಾಲ್ಕು ಕ್ವಾರ್ಟರ್ ಇಷ್ಟವೆಂದರು. ಅಂತರರಾಷ್ಟ್ರೀಯ ಪಂದ್ಯಗಳು ನಡೆಯುವುದೇ ಹಾಗೆ. 2014ರ ಅಕ್ಟೋಬರ್ 19ರಂದು ಬ್ರೂಕ್ಲಿನ್‌ನಲ್ಲಿ 44 ನಿಮಿಷದ ಅಭ್ಯಾಸ ಪಂದ್ಯವೊಂದನ್ನು ಆಡಿಸಿಯೂ ನೋಡಿದ್ದರು.

ಇದನ್ನು ವಿರೋಧಿಸುವವರು ಸಾಮಾನ್ಯವಾಗಿ ದಾಖಲೆಗಳ ಮಾತಾಡುತ್ತಾರೆ, 1962ರಲ್ಲಿ ವಿಲ್ಟ್ ಚೇಂಬರ್ಲಿನ್ ಒಂದೇ ಪಂದ್ಯದಲ್ಲಿ ಗಳಿಸಿದ 100 ಅಂಕವನ್ನು ಇನ್ನು ಯಾರು ಮುಟ್ಟಲು ಸಾಧ್ಯ ಎನ್ನುತ್ತಾರೆ. ನನ್ನ ಕಣ್ಣು ಹೋಗುವುದು ಬೆಂಚಿನ ತುದಿಗೆ. ಐದು ಜನ 48 ನಿಮಿಷ ಆಡಿದರೆ ಒಟ್ಟು 240 ನಿಮಿಷ. ಮುಖ್ಯ ಐವರು 34ರಂತೆ 170 ನಿಮಿಷ ತೆಗೆದುಕೊಂಡರೆ ಉಳಿದವರಿಗೆ 70. ಅದೇ 40 ನಿಮಿಷದ ಪಂದ್ಯದಲ್ಲಿ ಒಟ್ಟು 200. ಐವರು 32ಕ್ಕೆ ಇಳಿದರೂ ಉಳಿಯುವುದು ಬರೀ 40. ತಾರೆಗೆ ಎರಡು ನಿಮಿಷ ಕಡಿಮೆಯಾಯಿತು, ಬೆಂಚಿನವರ ಪಾಲು ಹೆಚ್ಚುಕಡಿಮೆ ಅರ್ಧವಾಯಿತು. ಎರಡನೇ ಕ್ವಾರ್ಟರಿನ ಶುರುವಿನಲ್ಲಿ ಒಂಬತ್ತನೆಯ, ಹತ್ತನೆಯ ಆಟಗಾರ ಮೇಲಂಗಿ ಕಳಚಿ ಎದ್ದು ಬರುವ ಹೊತ್ತು ನನಗೆ ಪಂದ್ಯದ ಅತ್ಯಂತ ಇಷ್ಟದ ಹೊತ್ತು. ಆ ಕೆಲವೇ ನಿಮಿಷಗಳಲ್ಲಿ ತಾನೇನೆಂದು ತೋರಿಸಬೇಕೆಂಬ ಆತುರ ಅವನ ಪ್ರತಿ ಹೆಜ್ಜೆಯಲ್ಲಿ ಕಾಣುತ್ತದೆ. ಆಯಾಸ ತಗ್ಗಿಸುವುದೇ ಗುರಿಯಾದರೆ 1967-68ರಿಂದ ನಡೆದು ಬಂದ 82 ಪಂದ್ಯಗಳ ಸಂಖ್ಯೆಯನ್ನು ಕಡಿತ ಮಾಡಲಿ. ಪಂದ್ಯವನ್ನು ಕತ್ತರಿಸುವುದು ಬೇಡ.

ಕೊನೆಯ ಎರಡು ನಿಮಿಷಗಳ ಬಗ್ಗೆ ಎಲ್ಲರದೂ ಒಂದೇ ಬೇಸರ, ನನ್ನದೂ. ಸೋಲುತ್ತಿರುವ ತಂಡ ಗಡಿಯಾರ ನಿಲ್ಲಿಸಲು ಬೇಕೆಂದೇ ಫೌಲ್ ಮಾಡುತ್ತದೆ, ಗೆಲ್ಲುತ್ತಿರುವವನು ನಡೆದುಹೋಗಿ ಎರಡು ಫ್ರೀ ಥ್ರೋ ಎಸೆಯುತ್ತಾನೆ, ಟೈಮ್‌ಔಟ್, ಮತ್ತೆ ಫೌಲ್. ಬಾಲ್ ಸ್ಟೇಟ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ನಿಕ್ ಈಲಮ್ ಇದನ್ನು ವರ್ಷಗಟ್ಟಲೆ ಗಮನಿಸಿ ಒಂದು ಪರಿಹಾರ ಹೇಳಿದರು. ಕೊನೆಯ 4 ನಿಮಿಷಗಳಲ್ಲಿ ಆಟ ಮೊದಲ ಸಲ ನಿಂತಾಗ ಗಡಿಯಾರವನ್ನೇ ಆರಿಸಿಬಿಡಿ; ಮುಂದಿರುವ ತಂಡದ ಅಂಕಕ್ಕೆ 8 ಸೇರಿಸಿ ಗುರಿ ಇಡಿ; ಮೊದಲು ಮುಟ್ಟಿದವರು ಗೆದ್ದಂತೆ. ಟಿಬಿಟಿ ಎಂಬ ಬೇಸಿಗೆ ಪಂದ್ಯಾವಳಿ ಹೀಗೇ ಆಡುತ್ತದೆ. 2020ರ ಆಲ್-ಸ್ಟಾರ್ ಪಂದ್ಯದ ಕೊನೆಯ ಕ್ವಾರ್ಟರನ್ನು ಆಗಷ್ಟೇ ತೀರಿಕೊಂಡಿದ್ದ ಕೋಬಿ ಬ್ರಯಂಟ್ ನೆನಪಿಗೆ, ಅವರ ಅಂಗಿಯ ಸಂಖ್ಯೆಯಾದ 24ನ್ನು ಮುಂದಿದ್ದ ತಂಡದ ಅಂಕಕ್ಕೆ ಸೇರಿಸಿ ಗುರಿಯಿಟ್ಟು ಆಡಿಸಿದರು. ವರ್ಷಗಳಿಂದ ಮೈಗಳ್ಳತನದ ಪ್ರದರ್ಶನವಾಗಿದ್ದ ಆ ಪಂದ್ಯದಲ್ಲಿ ಅಂದು ತಾರೆಯರು ಮೈಬಗ್ಗಿಸಿ ರಕ್ಷಣೆ ಮಾಡಿದ್ದನ್ನು ನೋಡಿದವರು ಮರೆತಿಲ್ಲ. ಗಡಿಯಾರ ತೆಗೆದರೆ ಕೊನೆಯ ಸೆಕೆಂಡಿನ ಎಸೆತ ಇಲ್ಲವಾಗುತ್ತದೆ, ಅದು ದೊಡ್ಡ ನಷ್ಟವೇ. ಹಾಗಾಗಿ ಓವರ್‌ಟೈಮ್‌ಗಷ್ಟೇ ಇದನ್ನು ತರುವುದು ನನಗೆ ಸರಿ ಕಾಣುತ್ತದೆ. ಎನ್‌ಬಿಎಯ ಕಿರಿಯ ಲೀಗಾದ ಜಿ ಲೀಗ್‌ನಲ್ಲಿ ಸಮನಾದ ಅಂಕಕ್ಕೆ 7 ಸೇರಿಸಿ ಓವರ್‌ಟೈಮ್ ಆಡಿಸುತ್ತಿದ್ದಾರೆ. ಎರಡು ಫ್ರೀ ಥ್ರೋ ಬದಲು ಎರಡು ಅಂಕ ಬೆಲೆಯ ಒಂದೇ ಫ್ರೀ ಥ್ರೋ ಎಂಬ ಪ್ರಯೋಗವೂ ಅಲ್ಲಿ 2019-20ರಿಂದ ನಡೆದಿದೆ.

ಸಣ್ಣ ಬದಲಾವಣೆಗಳಲ್ಲಿ ನನಗೆ ನಿಜವಾದ ಸಂತೋಷ ಕೊಟ್ಟದ್ದು 2025-26ರಲ್ಲಿ ಬಂದದ್ದು. ಮೊದಲ ಮೂರು ಕ್ವಾರ್ಟರ್‌ಗಳ ಕೊನೆಯ ಕ್ಷಣದಲ್ಲಿ ಚೆಂಡು ಅಂಕಣದ ದೂರದ ತುದಿಯಲ್ಲಿ ಸಿಕ್ಕರೆ, ಬುಟ್ಟಿಯತ್ತ ಬೀಸಿ ಎಸೆಯುವುದೊಂದೇ ದಾರಿ. ಬೀಳುವ ಸಂಭವ ಬಹಳ ಕಡಿಮೆ, ತಪ್ಪಿದರೆ ಆಟಗಾರನ ಯಶಸ್ಸಿನ ಪ್ರಮಾಣಕ್ಕೆ ಪೆಟ್ಟು. ಹಾಗಾಗಿ ಎಷ್ಟೋ ಜನ ಗಂಟೆ ಬಾರಿಸುವವರೆಗೆ ಅರೆಕ್ಷಣ ತಡೆದು, ಆಮೇಲೆ ಎಸೆದಂತೆ ಮಾಡುತ್ತಿದ್ದರು. ಭುಜ ಮೇಲೇಳುತ್ತದೆ, ಕಣ್ಣು ಗಡಿಯಾರದತ್ತ ಹೊರಳುತ್ತದೆ, ಗಂಟೆ ಬಾರಿಸುತ್ತದೆ, ಆಮೇಲೆ ಕೈ ಚೆಂಡು ಬಿಡುತ್ತದೆ. ದುರ್ಬೀನಿಗೆ ಈ ನಟನೆ ಸ್ಪಷ್ಟವಾಗಿ ಸಿಗುತ್ತಿತ್ತು. ಈಗ, ಕೊನೆಯ 3 ಸೆಕೆಂಡಿನಲ್ಲಿ, ತಮ್ಮ ಅರ್ಧದಿಂದ ಶುರುವಾದ ಆಟದಲ್ಲಿ, 36 ಅಡಿ ಅಥವಾ ಅದಕ್ಕೂ ಹೆಚ್ಚು ದೂರದಿಂದ ಎಸೆದು ತಪ್ಪಿದರೆ ಅದು ತಂಡದ ಲೆಕ್ಕಕ್ಕೆ ಹೋಗುತ್ತದೆ, ಆಟಗಾರನ ಲೆಕ್ಕಕ್ಕಲ್ಲ. ಎನ್‌ಬಿಎಯ ಬೇಸಿಗೆ ಲೀಗ್‌ನಲ್ಲಿ ಪರೀಕ್ಷಿಸಿ ತಂದರು. ಅಂಕಣದ ಒಂದು ಗೆರೆಯೂ ಅಲುಗಲಿಲ್ಲ, ನಡವಳಿಕೆಗೆ ಕಾರಣವಾದ ಭಯವೊಂದನ್ನು ಗುರುತಿಸಿ ತೆಗೆದರು. ಓಡುತ್ತಿರುವ ಎದುರಾಳಿಯನ್ನು ಬೇಕೆಂದೇ ಹಿಡಿದು ನಿಲ್ಲಿಸುವ ಫೌಲಿಗೆ 2022-23ರಿಂದ ಒಂದು ಫ್ರೀ ಥ್ರೋ ಮತ್ತು ಚೆಂಡು ಎರಡನ್ನೂ ಕೊಡುವ ನಿಯಮ ಬಂದದ್ದೂ ಹೀಗೇ, ಮೊದಲು ಜಿ ಲೀಗ್‌ನಲ್ಲಿ ನೋಡಿದ ಮೇಲೆ. ಆ ಓಟದ ಚಂದ ಮತ್ತೆ ಅಂಕಣಕ್ಕೆ ಬಂತು.

ಮೂಲೆಗೂ ಇಂಥದೇ ಪರೀಕ್ಷೆ ಬೇಕು. ಬೇಸಿಗೆ ಲೀಗ್ ಸಾಲದು, ಅಲ್ಲಿ ಆಡುವವರು ಹೊಸಬರು, ದಿನಗಳೂ ಕಡಿಮೆ. ಜಿ ಲೀಗ್‌ನಲ್ಲಿ ಅರ್ಧ ಊರುಗಳ ಅಂಕಣದಲ್ಲಿ ಮೂಲೆಯ ನೇರ ಗೆರೆ ಅಳಿಸಲಿ, ಉಳಿದರ್ಧದಲ್ಲಿ ಇದ್ದಂತೆ ಇರಲಿ. ಒಂದಲ್ಲ, ಕನಿಷ್ಠ ಎರಡು ಪೂರ್ಣ ಸೀಸನ್ ನಡೆಯಲಿ. ಲೋಪೆಜ್‌ರಂಥ ಒಬ್ಬರು ಬದಲಾಗಲು ಎಂಟು ವರ್ಷ ಹಿಡಿಯಿತು, ಒಂದು ಲೀಗ್ ಬದಲಾಗಲು ಮೂವತ್ತು. 2013-14ರಿಂದ ಎನ್‌ಬಿಎಯ ಪ್ರತಿ ಕ್ರೀಡಾಂಗಣದ ಚಾವಣಿಯಲ್ಲಿ ಆಟಗಾರರ ಚಲನೆಯನ್ನು ಸೆಕೆಂಡಿಗೆ 25 ಸಲ ದಾಖಲಿಸುವ ಕ್ಯಾಮೆರಾಗಳು ಬಂದವು. ಅಂಥವನ್ನೇ ಈ ಪ್ರಯೋಗಕ್ಕೂ ಹಚ್ಚಿ, ಸಿಕ್ಕಿದ್ದನ್ನೆಲ್ಲ ಹೊರಗೆ ಬಿಡಲಿ. ಎಷ್ಟು ಅಂಕ ಬಂತು ಎಂಬುದೊಂದನ್ನೇ ನೋಡಿದರೆ 1994ರ ಹಾಗೆ ಆಗುತ್ತದೆ. ಮೂಲೆ ಬಿಟ್ಟವನು ಎಲ್ಲಿಗೆ ಹೋದ, ಅವನ ಡಿಫೆಂಡರ್ ಪೇಂಟ್‌ನಲ್ಲಿ ಎಷ್ಟು ಹೊತ್ತು ಉಳಿದ, ಹದಿನಾರು ಅಡಿಯ ನೆಲಕ್ಕೆ ಯಾರಾದರೂ ಮರಳಿದರೇ, ತಂಡದ ಒಂಬತ್ತನೆಯವನಿಗೆ ಕೆಲಸ ಉಳಿಯಿತೇ ಎಂಬುದನ್ನೆಲ್ಲ ಬರೆದಿಟ್ಟುಕೊಂಡ ಮೇಲೆ ಮತಕ್ಕೆ ಹಾಕಲಿ. ಸಾಂಟಾ ಕ್ರೂಜ್‌ನ ಜಿ ಲೀಗ್ ತಂಡ ಆಡುವ ಸಣ್ಣ ಕ್ರೀಡಾಂಗಣ ನಮ್ಮ ಮನೆಯಿಂದ ಗುಡ್ಡ ದಾಟಿದರೆ ಸಿಗುತ್ತದೆ. ಅಲ್ಲಿ ಗೆರೆ ಅಳಿಸಿದರೆ ಇಡೀ ಸೀಸನ್‌ಗೆ ಟಿಕೆಟ್ ಕೊಳ್ಳುವವನು ನಾನು. ಸೀಟುಗಳು ಅಂಕಣಕ್ಕೆ ಹತ್ತಿರ, ದುರ್ಬೀನು ಬೇಕಾಗುವುದಿಲ್ಲ.